ಗರ್ಭದೊಳಗಿನ ಅರಸು

ಅಂದು ಮಣಿಗುಂದದ ಅರಮನೆಯ ನಗಾರಿಗೆ ಹೊದಿಸಿದ್ದ ಬಿಳಿಯ ವಸ್ತ್ರವನ್ನು ಇನ್ನೂ ತೆಗೆದಿರಲಿಲ್ಲ. ಆದರೆ ಅದರೆದುರಿನ ಅಂಗಳದಲ್ಲಿ ಬಡಗಿಗಳು ಪಟ್ಟಾಭಿಷೇಕದ ಮಂಟಪಕ್ಕೆ ಕಂಬ ನಿಲ್ಲಿಸುತ್ತಿದ್ದರು, ಪುಣ್ಯನದಿಗಳ ನೀರು ತುಂಬಿದ ಕೊಡಗಳು ಎತ್ತಿನ ಬಂಡಿಗಳಿಂದ ಇಳಿಯುತ್ತಿದ್ದವು. ಅರಸ ಎರೆಯಮದೇವನು ಗಡಿಯ ಕಾಳಗದಲ್ಲಿ ಮಡಿದು ಇಪ್ಪತ್ತು ದಿನಗಳಾಗಿದ್ದವು. ಪಟ್ಟವೇರಲು ಸಿದ್ಧನಾಗಿದ್ದವನು ಅವನ ತಮ್ಮ ಮಾರಸಿಂಗ. ಅರಸನು ಸಂತಾನವಿಲ್ಲದೆ ಅಳಿದನೆಂಬ ಓಲೆಗೆ ಧರ್ಮಾಧಿಕಾರಿ ಸೋವರಸರು ಒಪ್ಪ ಹಾಕುವುದೊಂದೇ ಬಾಕಿಯಿತ್ತು. ಆದರೆ ರಾಣಿ ಬಾಚಲದೇವಿ ಐದು ತಿಂಗಳ ಗರ್ಭಿಣಿ.

ಸಭೆಗೆ ಮುನ್ನ ಮಾರಸಿಂಗನು ತಾನೇ ಸೋವರಸರ ಮನೆಗೆ ಬಂದನು.

"ನಿಮ್ಮ ಮಗ ರೇಚಣ ಗಡಿಯಲ್ಲಿ ನನ್ನ ಪಾಳೆಯದಲ್ಲೇ ಇದ್ದಾನೆ, ಆಚಾರ್ಯರೆ. ಒಳ್ಳೆಯ ಹುಡುಗ. ನನ್ನ ಕಾವಲುಗಾರರು ಅವನನ್ನು ಬಿಟ್ಟು ಕದಲುವುದಿಲ್ಲ."

ಸೋವರಸರಿಗೆ ಅರ್ಥವಾಯಿತು. ಅತಿಥಿಗೆ ತಾಂಬೂಲ ಕೊಟ್ಟು ಕಳುಹಿಸಿದರು. ಒಳಗಿದ್ದ ಮಡದಿಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ತಮ್ಮ ಮನಸ್ಸು ನಿಲ್ಲಲಾರದೆಂಬ ಭಯ ಅವರಿಗಿತ್ತು.

ಸಭೆ ಕಿಕ್ಕಿರಿದಿತ್ತು. ರಾಣಿ ತೆರೆಯ ಹಿಂದೆ ಕುಳಿತಿದ್ದಳು. ಓಲೆಯನ್ನು ಮುಂದಿಟ್ಟಾಗ ಸೋವರಸರು ಲೇಖನಿಯನ್ನು ಮುಟ್ಟಲಿಲ್ಲ.

"ಸಂತಾನವಿಲ್ಲವೆಂದು ಬರೆಯಲಾರೆ. ಸಂತಾನ ಈ ಸಭೆಯಲ್ಲೇ ಇದೆ."

"ಹೆಸರಿಲ್ಲದ ಪಿಂಡಕ್ಕೆ ಹಕ್ಕೆಲ್ಲಿಯದು?" ಎಂದನು ಮಾರಸಿಂಗ.

"ಎರಡು ತಿಂಗಳ ಹಿಂದೆ ಈ ಗರ್ಭಕ್ಕೆ ಪುಂಸವನ ಸಂಸ್ಕಾರ ನಡೆದಾಗ ತಾವೂ ಅಕ್ಷತೆ ಹಾಕಿ ಆಯುಸ್ಸು ಹರಸಿದಿರಿ, ಪ್ರಭು. ಹರಸಿದ್ದು ಯಾರನ್ನು?"

ಸಭೆಯಲ್ಲಿ ಪಿಸುಮಾತು ಹರಿದಾಡಿತು. ಸೋವರಸರು ಮುಂದುವರಿದರು: "ಹಿಂದೆ ಕುಂಬಾರ ಮಾಚನು ಸತ್ತಾಗ ಅವನ ಹೆಂಡತಿ ಬಸುರಿ. ಮೈದುನಂದಿರು ಹೊಲ ಹಂಚಿಕೊಳ್ಳಲು ಬಂದರು. ಹೆರಿಗೆಯಾಗುವ ತನಕ ಪಾಲು ಕೂಡದೆಂದು ಇದೇ ಪೀಠ ತಡೆಯಿತು."

"ಕುಂಬಾರನ ಹೊಲಕ್ಕೂ ರಾಜ್ಯಕ್ಕೂ ಸಾಟಿಯೆ?"

"ಹೊಲ ಚಿಕ್ಕದು. ನ್ಯಾಯ ಅದೇ."

"ಹುಟ್ಟುವುದು ಹೆಣ್ಣಾದರೆ?"

"ತಮ್ಮ ಅಜ್ಜಿ ಈ ಸಿಂಹಾಸನದಲ್ಲಿ ಹದಿನಾರು ವರ್ಷ ಕುಳಿತಿದ್ದರು. ಹೆಣ್ಣಾದರೂ ಪಟ್ಟ ಅದರದೇ. ಅಲ್ಲಿಯವರೆಗೆ ರಾಣಿಯವರು ರಾಜ್ಯವನ್ನು ಕಾಯಲಿ. ಆ ಗರ್ಭಕ್ಕೆ ಕೇಡು ಬಗೆದವನು ರಾಜದ್ರೋಹಿ."

ಮಾರಸಿಂಗನು ಪೀಠದ ಹತ್ತಿರಕ್ಕೆ ಬಂದು ಮೆಲ್ಲಗೆ ಕೇಳಿದನು: "ಬೆಳಗ್ಗೆ ನಾನು ಹೇಳಿದ್ದು ನೆನಪಿದೆ ತಾನೆ?"

"ಇದೆ," ಎಂದರು ಸೋವರಸರು. ಲೇಖನಿ ಎತ್ತಿಕೊಂಡು ತೀರ್ಪನ್ನು ಬರೆದು ಒಪ್ಪ ಹಾಕಿದರು.

ಈಗ ಎಲ್ಲರ ಕಣ್ಣೂ ದಂಡನಾಯಕ ಬೊಪ್ಪದೇವನ ಮೇಲಿತ್ತು. ಕೋಟೆಯೊಳಗಿನ ಪಡೆ ಅವನದು. ಅವನು ಎದ್ದುಬಂದು, ತನ್ನ ಖಡ್ಗವನ್ನು ರಾಣಿಯ ತೆರೆಯ ಮುಂದಿಟ್ಟು ತಲೆಬಾಗಿದನು. ಮಾರಸಿಂಗನು ಹೊರನಡೆದು, ಕುದುರೆಯೇರಿ ಪಾಳೆಯದ ದಾರಿ ಹಿಡಿದನು. ಸೋವರಸರಿಂದ ಬೆದರಿಕೆಯ ವಿಷಯ ತಿಳಿದು ರೇಚಣನನ್ನು ಕರೆತರಲು ಬೊಪ್ಪದೇವನು ಕಳುಹಿಸಿದ ಸವಾರರು ಪಾಳೆಯ ಮುಟ್ಟುವಷ್ಟರಲ್ಲಿ ಕಾಲ ಮೀರಿತ್ತು. ನಾಲ್ಕನೆಯ ದಿನ ರೇಚಣನ ದೇಹ ಊರಿಗೆ ಬಂದಿತು.

ತೀರ್ಪಿನ ಸುದ್ದಿ ಹಬ್ಬಿದಂತೆ ಪಾಳೆಯದ ಸೈನಿಕರು ಗುಂಪುಗುಂಪಾಗಿ ಕೋಟೆಗೆ ಮರಳಿದರು. ಒಂಟಿಯಾದ ಮಾರಸಿಂಗನು ಗಡಿ ದಾಟಿ ಓಡಿದನು. ಸೋವರಸರ ಮಡದಿ ಹೊತ್ತುಹೊತ್ತಿಗೆ ಅವರಿಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಬಾಚಲದೇವಿ ಹೆಣ್ಣುಮಗುವನ್ನು ಹೆತ್ತಳು. ನಾಮಕರಣದ ದಿನ ಮಗುವಿನ ಹಣೆಗೆ ಚಿನ್ನದ ಪಟ್ಟ ಕಟ್ಟಿ, ರಾಣಿ ತಾನೇ ಅದನ್ನು ಎತ್ತಿಕೊಂಡು ಸೋವರಸರ ಬಳಿಗೆ ಬಂದಳು.

"ಮಗನ ಗತಿ ಏನಾಗುವುದೆಂದು ಅಂದು ತಮಗೆ ತಿಳಿದಿತ್ತೆ, ಆಚಾರ್ಯರೆ?"

"ತಿಳಿದಿತ್ತು, ತಾಯಿ."

"ಹಾಗಿದ್ದೂ, ಮುಖವನ್ನೇ ಕಾಣದ ಈ ಕೂಸಿಗಾಗಿ..." ಎಂದು ಆಕೆ ನಿಲ್ಲಿಸಿದಳು.

"ಮುಖ ನೋಡಿ ಮಣೆ ಹಾಕುವುದಾಗಿದ್ದರೆ, ನನ್ನ ಮಗನ ಮುಖವನ್ನೇ ನೋಡುತ್ತಿದ್ದೆ."

ಮಗು ಕಣ್ಣು ತೆರೆಯಿತು. ಸೋವರಸರು ಅದರ ಅಂಗಾಲಿಗೆ ಒಂದು ಬೆರಳು ತಾಗಿಸಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ಅಪ್ಪಣೆಯಾದರೆ ಹೊರಡುತ್ತೇನೆ, ತಾಯಿ. ಇವತ್ತು ರೇಚಣನ ಮಾಸಿಕ ಶ್ರಾದ್ಧ. ಮನೆಯಲ್ಲಿ ಅವನ ತಾಯಿ ಕಾಯುತ್ತಿದ್ದಾಳೆ."