ಕಿತ್ತದ್ದು ಎರಡು ಒಳ್ಳೆಯ ಹಲ್ಲು

"ಮೂರನೇದನ್ನೂ ಕಿತ್ತಾಕಿ!"

ಕ್ಲಿನಿಕ್ಕಿನ ಬಾಗಿಲು ಗೋಡೆಗೆ ಬಡಿಯಿತು. ಬಸ್ ನಿಲ್ದಾಣದ ಅನೌನ್ಸರ್ ನಿಂತಿದ್ದಳು, ಎಡಗೆನ್ನೆಗೆ ಗಾಳಿ ಸೋಕದಂತೆ ಅಂಗೈ ಅಡ್ಡ ಹಿಡಿದು.

ಹಲ್ಲಿನ ಡಾಕ್ಟರ್ ಗಾಬರಿಯಿಂದ ಎದ್ದ.

"ಎರಡು ಕಿತ್ರಿ, ನೋವು ಅಲ್ಲೇ ಇದೆ! ಬಾಯಿ ಬಿಟ್ರೆ ಕರೆಂಟ್ ಹೊಡ್ದಂಗೆ... ಹಲ್ಲು ಕಚ್ಕೊಂಡು ಇರೋಣ ಅಂದ್ರೆ ಹಲ್ಲೆಲ್ಲಿ ಉಳಿಸಿದ್ದೀರಿ?"

ಅವನು ನಗಲಿಲ್ಲ. "ಇನ್ನು ಕೀಳಲ್ಲ ಮೇಡಂ. ಆ ಎರಡೂ ಚೆನ್ನಾಗೇ ಇದ್ವು. ತಪ್ಪು ನಂದೇ... ನಿಮಗೆ ಬೇರೆ ಕಾಯಿಲೆ ಏನಾದ್ರೂ? ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೀರಿ."

ಅವಳ ಸಿಟ್ಟು ತಡವರಿಸಿತು.

ನಾಲ್ಕು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆಯನ್ನೇ ಸವೆಸುವ ಕಾಯಿಲೆ. ಮದುವೆಯಾಗುತ್ತೇನೆ ಎಂದವನಿಗೆ ಹೇಳಿದ್ದಳು. ಅವನು ಲೋಟದ ಕಾಫಿಯನ್ನೂ ಮುಗಿಸದೆ ಎದ್ದಿದ್ದ. ಆಮೇಲೆ ಯಾರಿಗೂ ಹೇಳಿರಲಿಲ್ಲ. ಈ ಡಾಕ್ಟರಿಗಂತೂ... ಮೊದಲ ದಿನವೇ ಅವನ ನಗು ಇಷ್ಟವಾಗಿಬಿಟ್ಟಿತ್ತಲ್ಲ!

ಇವತ್ತು ಹೇಳಿದಳು. ಅವನು ತಕ್ಷಣ ಪತ್ರ ಬರೆದ.

"ಇದು ಮುಖದ ನರದ ನೋವು ಇರ್ಬೇಕು. ಮಾತ್ರೆಗೆ ಬಗ್ಗದಿದ್ರೆ, ಕೊಯ್ಯದೆ ಕಿರಣ ಬಿಟ್ಟು ಮಾಡೋ ರೇಡಿಯೋಸರ್ಜರಿ ಇದೆ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ."

"ಕಾಯಿಲೆ ಹೆಸರು ಕೇಳಿದ್ದೇ ಸಾಗಹಾಕ್ತೀರಾ? ಎಲ್ಲ ಗಂಡಸರೂ ಒಂದೇ!"

ಪತ್ರ ಕಿತ್ತುಕೊಂಡು ಹೊರಟೇಹೋದಳು.

ಮಾತ್ರೆಗಳು ಸೋತ ಮೇಲೆ ರೇಡಿಯೋಸರ್ಜರಿಯ ದಿನ ಬಂತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತಲೆಗೆ ಲೋಹದ ಚೌಕಟ್ಟು ಕೂರಿಸಿ ನಾಲ್ಕು ಸ್ಕ್ರೂ ಬಿಗಿದರು. 'ಸ್ಕ್ರೂ ಲೂಸು ಅಂತಿದ್ದ ಅಮ್ಮ ನೋಡಬೇಕಿತ್ತು, ಇವತ್ತು ನಾಲ್ಕೂ ಟೈಟು!'

ಮುಗಿಸಿ ಹೊರಬಂದರೆ ಬೆಂಚಿನ ಮೇಲೆ... ಹಲ್ಲಿನ ಡಾಕ್ಟರ್!

"ನೀವ್ಯಾಕೆ ಬಂದ್ರಿ?"

"ಬೈಯೋಕೆ ನಿಮಗೆ ಯಾರಾದ್ರೂ ಬೇಕಲ್ಲ?"

ನೋವು ಅಂದೇ ಹೋಗಲಿಲ್ಲ. ವಾರಗಳು ಬೇಕು ಎಂದರು. ಅವನು ದಿನಾ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದ. ಮಾತಾಡಲಾಗದ ಅವಳು ಬೈಗುಳವನ್ನು ಚೀಟಿಯಲ್ಲಿ ಬರೆದು ಕೌಂಟರಿನ ಕಿಂಡಿಯಿಂದ ತಳ್ಳಿದಳು. 'ಕಟುಕ.' 'ಹಲ್ಲುಗಳ್ಳ.' 'ನಾಳೆ ಬರಬೇಡಿ.' ಅವನು ಓದಿ, ಮಡಿಸಿ, ಜೇಬಿಗಿಳಿಸಿ, ನಾಳೆಯೂ ಬಂದ.

ಆರನೇ ವಾರ ಮೈಕು ಗುಡುಗಿತು.

"ಪ್ರಯಾಣಿಕರ ಗಮನಕ್ಕೆ! ಎರಡು ಒಳ್ಳೆಯ ಹಲ್ಲು ಕಿತ್ತ ಡಾಕ್ಟರು ಎಲ್ಲಿದ್ದರೂ ಕೂಡಲೇ ಕೌಂಟರಿಗೆ ಬರಬೇಕು!"

ಇಡೀ ನಿಲ್ದಾಣ ತಿರುಗಿತು. ಅವನು ಓಡೋಡಿ ಬಂದ.

"ನೋವು...?"

"ಮಾತಾಡ್ತಿದ್ದೀನಲ್ಲ, ಕಿವೀನೂ ಕಿತ್ಕೊಂಡಿದ್ದೀರಾ?" ಅವಳ ಕಣ್ಣು ತುಂಬಿತು. "ಮತ್ತೆ ಬರ್ಬಹುದಂತೆ. ಈ ಕಾಯಿಲೆಯವ್ರಿಗೆ ಹಾಗೇ ಅಂತೆ..."

"ಬಂದ್ರೆ ಬರ್ಲಿ. ನಾನೂ ಬರ್ತೀನಿ."

ಅವಳು ಕಿಂಡಿಯಿಂದ ಅವನ ಕೈ ಎಳೆದು, ತನ್ನ ಎಡಗೆನ್ನೆಯ ಮೇಲಿಟ್ಟುಕೊಂಡಳು. ಕೆನ್ನೆ ಸುಮ್ಮನಿತ್ತು.

"ಹಲ್ಲಿನ ಸಿಟ್ಟು ಮಾತ್ರ ಹೋಗಲ್ಲ, ತಿಳ್ಕೊಳ್ಳಿ!"

"ಎಲ್ಲೀವರೆಗೆ?"

"ಉಳಿದ ಹಲ್ಲೆಲ್ಲ ತಾವಾಗೇ ಉದುರೋವರೆಗೂ... ರೀ."