ಉಜ್ಜಿದ ಗಾಜಿನ ಚೂರು

ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಪೇಂಟರನ ಹೆಂಡತಿ ನೇರ ಒಳಗೆ ಬಂದಳು. ದೊಡ್ಡಮ್ಮ ಕನ್ನಡಕ ಒರೆಸುವುದನ್ನು ನಿಲ್ಲಿಸಿದಳು.

"ನಮ್ಮಣ್ಣನ್ನ ಸ್ಟೇಷನ್ನಿಗೆ ಎಳ್ಕೊಂಡು ಹೋದ್ರು ದೊಡ್ಡಮ್ಮ. ಪೋಸ್ಟ್ ತಾತನಿಗೆ ಕಾರು ಗುದ್ದಿ ಸಾಯಿಸಿದ್ದು ಅವನೇ ಅಂತೆ."

ದೊಡ್ಡಮ್ಮ ಪೊಲೀಸ್ ಇಲಾಖೆಯಲ್ಲಿ ತಲೆ ನೆರೆಯುವವರೆಗೆ ದುಡಿದು ಮನೆ ಸೇರಿದವಳು. ಆಕೆ ನಿವೃತ್ತಳಾದ ಸುದ್ದಿ ಬೀದಿಯವರಿಗೆ ಇನ್ನೂ ಮುಟ್ಟಿದಂತಿರಲಿಲ್ಲ. ಕೋಳಿ ಕಳೆದರೂ ಗಂಡ ಕಳೆದರೂ ಇಲ್ಲಿಗೇ ಬರುತ್ತಿದ್ದರು. ಆಕೆಯ ತಂಗಿಯ ಮಗ ಬಸ್ ಡ್ರೈವರ್. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅವನನ್ನು ಊರೆಲ್ಲ ಸಿಡುಕ ಅಂತಲೇ ಕರೆಯುತ್ತಿತ್ತು. ರಜೆಯ ದಿನ ದೊಡ್ಡಮ್ಮನಿಗೆ ಕಾಲೂ ಅವನೇ, ಕಣ್ಣೂ ಅವನೇ. ಬುದ್ಧಿ ಮಾತ್ರ ಆಕೆಯದೇ.

"ಕೂತ್ಕೋ. ಮೊದಲಿಂದ ಹೇಳು."

ಅವಳು ಕೂರಲಿಲ್ಲ. ಅಣ್ಣ ಹಳೇ ಕಾರುಗಳ ಹೆಡ್‌ಲೈಟ್ ಬಿಚ್ಚಿ, ಮಂಜಾದ ಗಾಜನ್ನು ಉಜ್ಜಿ ತಿಳಿ ಮಾಡಿ, ಮತ್ತೆ ಅಂಟು ಹಾಕಿ ಮುಚ್ಚುವವನು. ಗಂಡ ಅದೇ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಪೇಂಟ್ ಹೊಡೆಯುವವನು. ಡಾಕ್ಟರ ಹಳೇ ನೀಲಿ ಕಾರು ಶೆಡ್ಡಿಗೆ ಬಂದಿತ್ತು. ಮೊನ್ನೆ ಕತ್ತಲಾಗುತ್ತಲೇ ಗೋದಾಮಿನ ತಿರುವಿನಲ್ಲಿ, ವಾಕಿಂಗಿಗೆ ಹೋಗಿದ್ದ, ಹಿಂದೆ ಊರಿಗೆಲ್ಲ ಕಾಗದ ಹಂಚುತ್ತಿದ್ದ ಪೋಸ್ಟ್ ತಾತನಿಗೆ ಒಂದು ಕಾರು ಗುದ್ದಿತು. ಹಾಲಿನವನು ದೂರದಿಂದ ನೀಲಿ ಕಾರಿನ ಹಿಂಭಾಗ ಕಂಡ. ತಾತನ ಹೆಣದ ಪಕ್ಕ ದೀಪದ ಗಾಜಿನ ಚೂರೊಂದು ಸಿಕ್ಕಿತು. ಶೆಡ್ಡಿನ ಕಸದ ಡಬ್ಬಿಯಲ್ಲಿದ್ದ ಒಡೆದ ಗಾಜಿಗೆ ಅದು ಸರಿಯಾಗಿ ಕೂತಿತು.

"ದೀಪ ಕೂರಿಸಿದ ಮೇಲೆ ಗೋದಾಮಿನ ಗೋಡೆ ಮೇಲೆ ಬೆಳಕು ಬಿಟ್ಟು ನೋಡದೆ ಅಣ್ಣ ಯಾವ ಕಾರನ್ನೂ ಕೊಡಲ್ಲ. ಅದು ಊರಿಗೇ ಗೊತ್ತು. ಹಂಗೆ ನೋಡೋಕೆ ಹೋದಾಗಲೇ ಗುದ್ದಿದಾನೆ ಅಂತಾರೆ."

"ಗಾಜು ಹೇಗೆ ಒಡೀತು ಅಂತಾನೆ ನಿಮ್ಮಣ್ಣ?"

"ಉಜ್ಜೋ ಪೇಪರ್ ತರೋಕೆ ಹೋಗಿದ್ನಂತೆ. ಅಂಗಡಿ ಮುಚ್ಚಿತ್ತು. ತೆಗೀತಾರೇನೋ ಅಂತ ಕಾದು, ಕತ್ತಲಾದ ಮೇಲೆ ವಾಪಸ್ ಬಂದಾಗ ಗಾಜು ನೆಲದ ಮೇಲೆ ಒಡೆದು ಬಿದ್ದಿತ್ತಂತೆ. ನನ್ನ ಗಂಡನೇ ಬೀಳಿಸಿದ ಅಂತ ಬಾಯಿಗೆ ಬಂದಂಗೆ ಬೈದು, ಕಾರಿನ ಕಡೆ ತಿರುಗಿಯೂ ನೋಡದೆ ಮನೆಗೆ ಬಂದ." ಅವಳ ದನಿ ಇಳಿಯಿತು. "ಶೆಡ್ಡಲ್ಲಿದ್ದವರು ಇಬ್ಬರೇ. ಅಣ್ಣ ಅಲ್ಲ ಅಂದ್ರೆ ನಿನ್ನ ಗಂಡ ಅಂತಾರೆ. ನಾನು ಯಾರನ್ನ ಉಳಿಸ್ಕೊಳ್ಳಲಿ ದೊಡ್ಡಮ್ಮ?"

ಸಿಡುಕನಿಗೆ ಮೈ ಉರಿಯಿತು. ತಾತ ಅವನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದ ಮನುಷ್ಯ. "ಯಾರೇ ಆಗಿರಲಿ, ಕೈ ಕಾಲು ಮುರೀಬೇಕು," ಎಂದ.

"ಮುರಿಯೋದು ಆಮೇಲೆ. ಮೊದಲು ಆಟೋ ಕರಿ," ಎಂದಳು ದೊಡ್ಡಮ್ಮ.

ಶೆಡ್ಡಿನಲ್ಲಿ ನೀಲಿ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ದೀಪಗಳಿದ್ದ ಜಾಗ ಎರಡು ಗುಳಿಗಳಂತಿತ್ತು. ಬೆಂಚಿನ ಮೇಲೆ ಎಡಗಡೆಯ ದೀಪ ಕೆಲಸ ಮುಗಿದು, ರಬ್ಬರ್ ಪಟ್ಟಿ ಬಿಗಿಸಿಕೊಂಡು ಕೂತಿತ್ತು. ಅದರ ಅಂಚಿನಿಂದ ಕಪ್ಪು ಅಂಟು ಉಕ್ಕಿತ್ತು. ಬಲಗಡೆಯದರ ಬರೀ ಡಬ್ಬಿ ಮಾತ್ರ ಇತ್ತು, ಬಾಯಿ ತೆರೆದುಕೊಂಡು. ಪಕ್ಕದಲ್ಲಿ ನೀರಿನ ಬಟ್ಟಲು, ಸವೆದ ಉಜ್ಜುವ ಪೇಪರು.

ಸಿಡುಕ ಎಡದ ದೀಪವನ್ನು ಎತ್ತಿ ನೋಡಿದ. ಹೆಬ್ಬೆರಳು ಅಂಟಿಕೊಂಡಿತು. ಕಿತ್ತರೆ ಕಪ್ಪು ಎಳೆಯೊಂದು ಜೊತೆಗೇ ಬಂತು.

"ಅಯ್ಯೋ, ಅದನ್ನ ಮುಟ್ಟಿದ್ರಾ?" ಎಂದಳು ಪೇಂಟರನ ಹೆಂಡತಿ. "ಅದು ಒಣಗೋ ಜಾತಿ ಅಲ್ಲ. ಸೋಪಿಗೆ ಹೋಗಲ್ಲ, ಪೆಟ್ರೋಲೇ ಬೇಕು. ಮುಂಚೆ ಅಣ್ಣ ಬೂದು ಬಣ್ಣದ್ದು ತರ್ತಿದ್ದ. ಈ ಕರೀ ಅಂಟು ಹೊಸದಾಗಿ ಬಿಚ್ಚಿದ್ದೇ ತಾತ ಸತ್ತ ದಿನ ಮಧ್ಯಾಹ್ನ. ನಾನೇ ದೀಪ ಹಿಡ್ಕೊಂಡಿದ್ದೆ."

ಪೇಂಟರ್ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಕಂಪ್ರೆಸರ್ ಓಡ್ತಿತ್ತು ಅಮ್ಮ. ಮಾಸ್ಕ್ ಹಾಕ್ಕೊಂಡಿದ್ದೆ. ಹೊರಗೆ ಬಾಂಬ್ ಬಿದ್ರೂ ನನಗೆ ಕೇಳಿಸ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು."

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರ್ ಎದ್ದು ನಿಂತು ಕುರ್ಚಿ ಕೊಟ್ಟರು. ಚೂರನ್ನು ಮುಂದಿಟ್ಟರು. ಪ್ಲಾಸ್ಟಿಕ್ಕೇ ಆದರೂ ಎಲ್ಲರ ಬಾಯಲ್ಲೂ ಅದು ಗಾಜೇ. ಸಿಡುಕ ಬೆಳಕಿಗೆ ಹಿಡಿದ. ಹಾಲು ಚೆಲ್ಲಿ ಒರೆಸಿದ ಹಾಗೆ ಬೆಳ್ಳಗೆ ಮಬ್ಬಾಗಿತ್ತು. ಅಂಚು ಮಾತ್ರ ತೊಳೆದ ತಟ್ಟೆಯಂತೆ ಶುಭ್ರವಾಗಿತ್ತು. ದೊಡ್ಡಮ್ಮ ಆ ಅಂಚಿನ ಮೇಲೆ ಬೆರಳಾಡಿಸಿ ಎದ್ದಳು.

ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಬೆಂಚಿನ ಮೇಲೆ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಸಿಡುಕನಿಗೆ ಜಾಗ ಬಿಟ್ಟಳು. "ಇಟ್ಟಿಗೆ ಭಟ್ಟಿ ಹತ್ರ ಮನೆ ನಮ್ದು. ಇವಳಿಗೆ ಉಸಿರು ಕಟ್ಟಿದಾಗ ಡಾಕ್ಟ್ರು ಅಷ್ಟು ದೂರ ಮನೆಗೇ ಬಂದ್ರು. ದೇವರಂಥ ಮನುಷ್ಯ," ಎಂದಳು. ಗೋದಾಮಿನ ತಿರುವು ದಾಟಿದರೇ ಇಟ್ಟಿಗೆ ಭಟ್ಟಿ.

ಡಾಕ್ಟರು ದಣಿದಿದ್ದರು. ಮೇಜಿನ ಮೇಲೆ ಹರಡಿದ್ದ ಪೇಪರಿನ ಮೇಲೆ ಕೀಗೊಂಚಲು ಬಿದ್ದಿತ್ತು.

"ಕಾರು ಬಿಟ್ಟು ಬಂದ ಮೇಲೆ ನಾನು ಆ ಶೆಡ್ಡಿನ ಕಡೆ ತಲೆ ಹಾಕಿಲ್ಲ ಅಮ್ಮ. ಅವತ್ತು ಸಂಜೆ ಕ್ಲಿನಿಕ್ ಬಿಟ್ಟು ಎಲ್ಲೂ ಅಲ್ಲಾಡಿಲ್ಲ. ಪಾಪ, ಆ ಹುಡುಗ ಒಳ್ಳೆ ಕೆಲಸಗಾರ. ಏನೋ ಗ್ರಹಚಾರ."

ಅವರು ಎದ್ದು ಕೀಗೊಂಚಲು ತೆಗೆದುಕೊಂಡರು. ಅದರ ಜೊತೆ ಪೇಪರಿನ ಮೂಲೆಯೂ ಹರಿದು ಬಂತು. ಅದನ್ನು ಉಗುರಿನಿಂದ ಕೆರೆದು ಹಾಕಿ, ಗೊಂಚಲನ್ನು ಜೇಬಿಗಿಳಿಸಿದರು. ಯಾವುದೋ ಮುಲಾಮು ಇರಬೇಕೆಂದುಕೊಂಡ ಸಿಡುಕ. ದೊಡ್ಡಮ್ಮನ ದೃಷ್ಟಿ ಅವನ ಹೆಬ್ಬೆರಳ ಮೇಲಿತ್ತು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರ್ ಲಾಕಪ್ಪಿನಿಂದ ಅಣ್ಣನನ್ನು, ಆ ದೀಪದವನನ್ನು, ಕರೆತಂದಿದ್ದರು. ಅವನು ಭಾವನ ಮುಖ ನೋಡಲಿಲ್ಲ, ಭಾವನೂ ಅಷ್ಟೇ. ಇಬ್ಬರ ನಡುವೆ ಪೇಂಟರನ ಹೆಂಡತಿ ಕಂಬದಂತೆ ನಿಂತಿದ್ದಳು. ಡಾಕ್ಟರು ಕಾರಿನ ಮಾಲೀಕರೆಂದು ಬಂದಿದ್ದರು.

ದೊಡ್ಡಮ್ಮ ಚೂರನ್ನು ಎತ್ತಿ ಹಿಡಿದಳು. "ಗಾಜು ಡಬ್ಬಿಯ ಅಂಚಿನ ಸಂದಿಯೊಳಗೆ ಕೂರೋದು ಅಂಟಿನ ಬಲದಿಂದ. ಓಡೋ ಕಾರಿನ ಗಾಜು ಒಡೆದ್ರೆ ಅಂಚಲ್ಲಿ ಹಳೇ ಅಂಟೋ ಹೊಸ ಅಂಟೋ ಇರಲೇಬೇಕು. ಇದರಲ್ಲಿ ಒಂದು ಚುಕ್ಕೆ ಇಲ್ಲ. ಹಳೇದನ್ನ ಕೆರೆದು ತೆಗೆದಾಗಿದೆ, ಹೊಸದು ಹಾಕಿಲ್ಲ. ಮುಖ ನೋಡಿ, ಮಬ್ಬು. ಉಜ್ಜಿದಾನೆ, ಪಾಲಿಶ್ ಮಾಡಿಲ್ಲ. ಅಂದ್ರೆ ಒಡೆದಾಗ ಈ ಗಾಜು ಬೆಂಚಿನ ಮೇಲಿತ್ತು. ಇದು ರಸ್ತೆಗೆ ಹೋಗಿದ್ದು ಯಾರದೋ ಜೇಬಲ್ಲಿ."

"ಹಂಗಾದ್ರೆ ಗುದ್ದಿದ್ದು ಈ ಕಾರಲ್ಲವಾ ಅಮ್ಮ?" ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು.

"ಇದೇ ಕಾರು. ಹಾಲಿನವನು ಕಂಡದ್ದೂ ಇದನ್ನೇ. ಎರಡೂ ದೀಪ ಬೆಂಚಿನ ಮೇಲಿದ್ದವು. ಕುರುಡು ಕಾರು ಕತ್ತಲಲ್ಲಿ ಬರ್ತಿತ್ತು. ತಾತನಿಗೆ ಕಾರು ಕಾಣಲಿಲ್ಲ, ಕಾರಿಗೆ ತಾತ ಕಾಣಲಿಲ್ಲ. ಗುದ್ದಿದವನು ಕಾರು ತಂದು ನಿಲ್ಲಿಸಿ, ದೀಪದವನು ಬೆಳಕು ನೋಡೋಕೆ ಹೋಗಿದ್ದ ಅಂತ ತೋರಿಸ್ಬೇಕು ಅಂದ್ಕೊಂಡ. ಅದಕ್ಕೆ ಗಾಜು ಒಡೆದು ಚೂರನ್ನ ಅಲ್ಲಿ ಹಾಕಿ ಬಂದ. ತನಗೇ ಉರುಳು ಬೀಳೋ ಹಾಗೆ ದೀಪದವನು ಇದನ್ನ ಮಾಡ್ತಾನಾ?"

"ಹಾಗಾದ್ರೆ ಉಳಿದವನು..." ಇನ್ಸ್‌ಪೆಕ್ಟರ್ ಪೇಂಟರನ ಕಡೆ ತಿರುಗಿದರು. ಹೆಂಗಸು ಗಂಡನ ತೋಳು ಹಿಡಿದುಕೊಂಡಳು.

"ಇವನೂ ಅಲ್ಲ. ದಿನಾ ಈ ಬೆಂಚಿನ ಪಕ್ಕ ಓಡಾಡೋನು ಇವನು. ಅಂಟಿಲ್ಲದ, ಅರ್ಧ ಉಜ್ಜಿದ ಗಾಜು ಯಾವ ಕಾರಲ್ಲೂ ಇರಲ್ಲ ಅಂತ ಇವನಿಗೆ ಗೊತ್ತು. ಗಾಜು ಅಂದ್ರೆ ಗಾಜು ಅಂದ್ಕೊಂಡವನು ಕೆಲಸ ಗೊತ್ತಿಲ್ಲದವನು. ಕಾರಿನ ಇನ್ನೊಂದು ಕೀ ಇರೋನು." ದೊಡ್ಡಮ್ಮ ಕೈ ಚಾಚಿದಳು. "ಡಾಕ್ಟ್ರೇ, ನಿಮ್ಮ ಗೊಂಚಲು ಕೊಡಿ."

ಡಾಕ್ಟರು ಜೇಬಿಗೆ ಕೈ ಹಾಕಿದರು, ಆದರೆ ಹೊರಗೆ ತೆಗೆಯಲಿಲ್ಲ. ಇನ್ಸ್‌ಪೆಕ್ಟರೇ ತೆಗೆದರು. ಕಾರಿನ ಕೀಯ ಗೀರುಗಳಲ್ಲಿ ಕಪ್ಪು ಅಂಟು ತುಂಬಿತ್ತು. ಸಿಡುಕ ತನ್ನ ಹೆಬ್ಬೆರಳನ್ನು ಪಕ್ಕದಲ್ಲಿ ಹಿಡಿದ. ಅದೇ ಕಪ್ಪು.

"ಈ ಅಂಟು ಬಿಚ್ಚಿದ್ದು ಅವತ್ತು ಮಧ್ಯಾಹ್ನ. ಕಾರು ಬಿಟ್ಟ ಮೇಲೆ ಈ ಕಡೆ ಬಂದಿಲ್ಲ ಅಂದ್ರಿ. ಗಾಜಿಗೆ ಕೈ ಹಾಕುವಾಗ ಎಡದ ದೀಪ ಸರಿಸಿದ್ರಿ, ಅದೇ ಕೈಲಿ ಕಾರಿಗೆ ಬೀಗ ಹಾಕಿದ್ರಿ. ಇಟ್ಟಿಗೆ ಭಟ್ಟಿ ಮಗುವಿನ ತಾಯಿನ ನಿನ್ನೆ ಸಂಜೆ ಕೇಳಿದೆ. ನೀವು ಅವರ ಮನೆಗೆ ಹೋಗಿದ್ದು ಅವತ್ತೇ."

ಡಾಕ್ಟರು ಬೆಂಚಿಗೆ ಒರಗಿದರು. "ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಇಲ್ಲಿ ಯಾರೂ ಇರಲಿಲ್ಲ. ಮಗುಗೆ ಉಸಿರು ಸಿಗ್ತಿರಲಿಲ್ಲ. ಹೋಗುವಾಗ ಬೆಳಕಿತ್ತು. ಬರುವಾಗ..."

"ಇಳಿದು ನೋಡಿದ್ರಾ?"

"ನೋಡಿದೆ."

"ತಾತನಿಗೆ ಉಸಿರಿತ್ತಾ?"

ಡಾಕ್ಟರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸಿಡುಕ ಮುಷ್ಟಿ ಬಿಗಿದು ಒಂದು ಹೆಜ್ಜೆ ಮುಂದಿಟ್ಟ. ದೊಡ್ಡಮ್ಮ ಅವನ ಎದೆಗೆ ಕೈ ಅಡ್ಡ ಹಿಡಿದಳು.

"ಆ ಮಗುವಿನ ಮಾತು ಹೇಳಿದ್ರೆ ಊರು ನಿಮ್ಮನ್ನ ಕ್ಷಮಿಸ್ತಿತ್ತು ಡಾಕ್ಟ್ರೇ. ತಾತನಿಗೆ ಗುದ್ದಿದ್ದು ಕತ್ತಲೆ ಅಂತ ನಾನೂ ಹೇಳ್ತಿದ್ದೆ. ಗಾಜು ಒಡೆದದ್ದು ನೀವು."

ಜೀಪು ಡಾಕ್ಟರನ್ನು ಕೂರಿಸಿಕೊಂಡು ಹೋಯಿತು. ದೀಪದವನು ಬೆಂಚಿನ ಮುಂದೆ ಹೋಗಿ, ಬಾಯಿ ತೆರೆದಿದ್ದ ಡಬ್ಬಿಯನ್ನು ಕೈಗೆತ್ತಿಕೊಂಡ. ತಿರುಗದೆಯೇ ಮಾತಾಡಿದ.

"ನೀನು ಬೀಳಿಸಿದ್ದಲ್ಲವಂತೆ ಭಾವ."

"ಅವತ್ತೇ ಬಡ್ಕೊಂಡೆನಲ್ಲಪ್ಪ."

ಅಷ್ಟು ದಿನ ಕಣ್ಣೀರು ಹಾಕದಿದ್ದ ಹೆಂಗಸು ಆಗ ಕುಸಿದು ಕೂತು ಅತ್ತಳು. ಪೇಂಟರ್ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ತಂದು ಸಿಡುಕನ ಕೈಗೆ ಕೊಟ್ಟ. ಸಿಡುಕ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಾ, ನಾಳೆ ಬಸ್ಸಿನ ಮುಂದಿನ ಸೀಟಿನಲ್ಲಿ ಯಾರು ಕೂರುತ್ತಾರೋ ಎಂದುಕೊಂಡ.