ಉಳಿದರೆ ಬೋನಸ್

ತಮ್ಮಿಬ್ಬರ ಮದುವೆ ಬಟ್ಟೆಯ ಅಳತೆ ಕೊಡಲು ಬಂದಳೆಂದು ಟೈಲರ್ ಖುಷಿಯಿಂದ ಕೊರಳಿನ ಟೇಪ್ ತೆಗೆದ. ಅವಳು ಮೇಜಿನ ಮೇಲಿಟ್ಟಿದ್ದು ಹೊಸ ಯೂನಿಫಾರ್ಮ್.

"ತೋಳು ಉದ್ದ ಇದೆ. ಸ್ವಲ್ಪ ಕಮ್ಮಿ ಮಾಡು."

"ಮುಂದಿನ ತಿಂಗಳು ಸೇನೆ ಬಿಡೋಳಿಗೆ ಹೊಸದ್ಯಾಕೆ, ಮೇಡಂ?" ಕಣ್ಣು ಮಿಟುಕಿಸಿದ.

ಅವಳು ನಗಲಿಲ್ಲ. ಬಾಂಬ್ ನಿಷ್ಕ್ರಿಯಗೊಳಿಸುವ ದಳದ ಕ್ಯಾಪ್ಟನ್ ಅವಳು. ಎಂಥ ತಂತಿ ಕತ್ತರಿಸುವಾಗಲೂ ನಡುಗದ ಬೆರಳುಗಳು ಈಗ ಗುಂಡಿಯೊಂದನ್ನು ಸುಮ್ಮನೆ ತಿರುವುತ್ತಿದ್ದವು. ಆ ಬೆರಳುಗಳಿಗೆ ಮನಸೋತೇ ನಮ್ಮ ಟೈಲರ್ ಕೆಟ್ಟಿದ್ದು.

"ಇನ್ನೈದು ವರ್ಷ ಇದ್ರೆ ದೊಡ್ಡ ಬೋನಸ್ ಕೊಡ್ತಾರಂತೆ. ನಮ್ಮ ಕೆಲಸ ಬಲ್ಲೋರೆಲ್ಲ ಬಿಟ್ಟು ಹೋಗ್ತಿದ್ದಾರಲ್ಲ, ಅದಕ್ಕೆ. ಇವತ್ತು ಸಂಜೆಯೊಳಗೆ ಹೇಳ್ಬೇಕು. ಆ ದುಡ್ಡಲ್ಲಿ ನಿನಗೊಂದು ಸ್ವಂತ ಅಂಗಡಿ ಆಗುತ್ತೆ ಕಣೋ."

ಅವನು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಮುಖದಲ್ಲಿ ಮಾತ್ರ ನಗು ಬಿಡಲಿಲ್ಲ.

"ಬಾಡಿಗೆ ಅಂಗಡೀಲಿ ಹೊಲಿದ್ರೆ ಬಟ್ಟೆ ಮೈಗೆ ಕೂರಲ್ವಾ? ನಂಗೆ ಅಂಗಡಿ ಬೇಡ, ನೀನು ಸಾಕು."

"ಅಮ್ಮನ ಆಪರೇಷನ್ ಖರ್ಚು..."

"ಅತ್ತೆ ಆಪರೇಷನ್ ಆಗಿ ಯಾವ ಕಾಲ ಆಯ್ತು! ಈಗ ನನ್ನನ್ನೇ ಅಟ್ಟಿಸ್ಕೊಂಡು ಬರ್ತಾರೆ."

ಅವಳು ತಡೆಯಲಾರದೆ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡವು.

"ನಿಜ ಹೇಳು," ಎಂದ. "ಬಿಡಿಗಾಸೂ ಕೊಡಲ್ಲ ಅಂದಿದ್ರೆ?"

ಅವಳು ಗುಂಡಿ ತಿರುವುವುದನ್ನು ನಿಲ್ಲಿಸಿದಳು.

"ಆಗ್ಲೂ ಇರ್ತಿದ್ದೆ. ಇನ್ನೇನೂ ಭಯ ಇಲ್ಲ ಅಂತ ನಾವು ಹೇಳಿದ್ಮೇಲೆ ಜನ ಒಬ್ಬೊಬ್ಬರಾಗಿ ಬಾಗಿಲು ತೆಗೀತಾರಲ್ಲ, ಅದನ್ನ ಬಿಟ್ಟಿರೋಕೆ ನನ್ ಕೈಲಾಗಲ್ಲ ಕಣೋ. ಬೋನಸ್ಸು ನಿನಗೆ ಹೇಳೋಕೆ ಸಿಕ್ಕ ನೆಪ ಅಷ್ಟೇ."

ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ದುಡ್ಡಿನ ಜೊತೆ ಪೈಪೋಟಿಯಾಗಿದ್ದರೆ ಹೇಗಾದರೂ ಗೆಲ್ಲಬಹುದಿತ್ತು.

"ಉಳಿಸ್ಕೊಳ್ಳೋಕೆ ಅವ್ರು ಅಷ್ಟು ಕೊಡ್ತಾರೆ. ನಾನೇನು ಕೊಡ್ಲಿ?"

"ಏನೂ ಬೇಡ. ಒಂದ್ಸಲ 'ಹೋಗಬೇಡ' ಅನ್ನು. ಎಲ್ಲ ಬಿಟ್ಟು ಬಂದ್ಬಿಡ್ತೀನಿ, ನಿನ್ನಾಣೆ."

ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. 'ಹೋಗಬೇಡ' ಅಂದರೆ ಸಾಕು, ಬಂದುಬಿಡುತ್ತಾಳೆ. ಬಂದು, ದೂರದಲ್ಲಿ ಸೈರನ್ ಕೂಗಿದಾಗಲೆಲ್ಲ ಬಾಯಿಗಿಡುವ ತುತ್ತು ಬಿಟ್ಟು ಕಿಟಕಿಗೆ ಓಡುತ್ತಾಳೆ. ನಾಲಿಗೆಯ ತುದಿಗೆ ಬಂದ ಮಾತನ್ನು ಅವನು ನುಂಗಿಕೊಂಡ.

ಅವಳ ಕೈ ನೀಡಿಸಿ ತೋಳಿನ ಅಳತೆ ತೆಗೆದ. ಅಳತೆ ಮುಗಿದ ಮೇಲೂ ಆ ಕೈ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

"ಹೋಗಿ ಬಾ," ಎಂದ ಕೊನೆಗೆ. "ಬರೋದು ಮಾತ್ರ ಮರೀಬೇಡ."